ಜತೆಗೆ ನಿಂತವರ ಮೇಲೇಕೆ ಕಲ್ಲು?

ಬೆಳಿಗ್ಗೆ ಬಿ.ಸಿ.ರೋಡಿನಲ್ಲಿ ನಿಂತು ನೋಡಿ. ಸಿದ್ಧಕಟ್ಟೆಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲೂ ಬೆಳ್ತಂಗಡಿ, ಉಜಿರೆಯ ಬಸ್ಸಿನಲ್ಲೂ ಬ್ಯಾಗು ಹೊತ್ತ ಹೆಣ್ಣು ಮಕ್ಕಳು ಕಾಣಸಿಗುತ್ತಾರೆ. ಅವರಲ್ಲಿ ನಿಮ್ಮ ಮಗಳೂ ಇರಬಹುದು. ಒಂದು ಸಂಜೆ ಅವಳು ಮನೆಗೆ ಬಂದು, "ಉಮ್ಮಾ, ನನ್ನ ಗೆಳತಿಗೆ ಲೆಕ್ಚರರ್ ಒಬ್ಬರು ಕಿರುಕುಳ ಕೊಡುತ್ತಿದ್ದಾರೆ. ನಾನು ಅವಳ ಪರ ಸಾಕ್ಷಿ ಹೇಳಲಾ?" ಎಂದು ಕೇಳಿದರೆ ನಿಮ್ಮ ಉತ್ತರವೇನು? "ನಿನಗೇಕೆ ಊರ ಉಸಾಬರಿ?" ಎಂದೇ ಅಲ್ಲವೇ?

ನಿಮ್ಮ ಭಯಕ್ಕೆ ಕಾರಣವಿಲ್ಲದಿಲ್ಲ. 2012ರ ಅಕ್ಟೋಬರ್ 9ರಂದು ಉಜಿರೆಯ ಕಾಲೇಜಿನಿಂದ ಹೊರಟ ಹದಿನೇಳರ ಪಿಯು ವಿದ್ಯಾರ್ಥಿನಿ ಮನೆ ತಲುಪಲೇ ಇಲ್ಲ. ಮರುದಿನ ಶವ ಸಿಕ್ಕಿತು. ಅತ್ಯಾಚಾರವೆಸಗಿ ಕೊಲ್ಲಲಾಗಿತ್ತು. ಆಕೆಯ ಹೆಸರು ನಿಮಗೆಲ್ಲ ಗೊತ್ತು. ಆದರೂ ಇಲ್ಲಿ ಬರೆಯುವುದಿಲ್ಲ. ಅತ್ಯಾಚಾರಕ್ಕೊಳಗಾದವಳು ಮೃತಪಟ್ಟಿದ್ದರೂ ಹೆಸರು ಬಹಿರಂಗಪಡಿಸಬಾರದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಪ್ರಕರಣ ಸಿಬಿಐ ಕೈಗೂ ಹೋಯಿತು. 2023ರ ಜೂನ್‌ನಲ್ಲಿ ಬೆಂಗಳೂರಿನ ನ್ಯಾಯಾಲಯ ಆರೋಪಿಯನ್ನು ಖುಲಾಸೆಗೊಳಿಸಿತು. ಹಾಗಾದರೆ ನನ್ನ ಮಗಳನ್ನು ಕೊಂದವರು ಯಾರು? ಇದು ಆ ತಾಯಿಯ ಪ್ರಶ್ನೆ.

ಈ ಪ್ರಶ್ನೆಗೆ ದನಿಗೂಡಿಸಿದವರ ಪಾಡು ನೋಡಿ. 2025ರ ಜುಲೈಯಲ್ಲಿ ಮಾಜಿ ಶುಚಿತ್ವ ಕಾರ್ಮಿಕನೊಬ್ಬ, ಧರ್ಮಸ್ಥಳದಲ್ಲಿ ಹಲವು ಶವಗಳನ್ನು ಹೂತಿದ್ದೇನೆಂದು ತಲೆಬುರುಡೆಯೊಂದಿಗೆ ನ್ಯಾಯಾಲಯಕ್ಕೆ ಬಂದ. ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಆಗಸ್ಟ್ 6ರಂದು ಪಾಂಗಳದಲ್ಲಿ ಯೂಟ್ಯೂಬರ್‌ಗಳ ಮೇಲೆ ಹಲ್ಲೆಯಾಯಿತು. ಆಗಸ್ಟ್ 23ರಂದು ದೂರುದಾರನೇ ಬಂಧಿತನಾದ. ಕೆಲವು ಟಿವಿ ವಾಹಿನಿಗಳಿಗೆ ಅದು ಹಬ್ಬ! "ಬುರುಡೆ ಗ್ಯಾಂಗ್" ಎಂಬ ಹೆಸರು ಹುಟ್ಟಿತು. ಬುರುಡೆಯೆಂದರೆ ತಲೆಬುರುಡೆಯೂ ಹೌದು, ಸುಳ್ಳೂ ಹೌದು. ಒಂದೇ ಪದದಿಂದ ವರ್ಷಗಳ ಹೋರಾಟವನ್ನೆಲ್ಲ ಸುಳ್ಳಿನ ಗೋಣಿಗೆ ತುಂಬಿದರು.

ಬೆಂಬಲಿಗರಲ್ಲಿ ಯಾರೂ ತಪ್ಪೇ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಪರಿಶೀಲಿಸದ ಮಾತುಗಳನ್ನು ಆಡಿದವರೂ ಇದ್ದಾರೆ. ಸುಳ್ಳು ಹೇಳಿದವರ ವಿಚಾರಣೆಯಾಗಲಿ. ಆದರೆ 2025ರಲ್ಲಿ ಒಬ್ಬ ಸುಳ್ಳು ಹೇಳಿದನೆಂದಾದರೆ 2012ರ ಕೊಲೆ ನಡೆಯಲಿಲ್ಲವೆಂದಾಗುತ್ತದೆಯೇ? ಸ್ಟುಡಿಯೋದಲ್ಲಿ ಕುಳಿತವರು ಇದನ್ನು ಕೇಳಬೇಕಿತ್ತು.

ಜತೆಗೆ ನಿಲ್ಲುವವರು ಇದ್ದರೆ ಏನಾಗುತ್ತದೆಂಬುದಕ್ಕೆ ಮೂಡುಬಿದಿರೆಯತ್ತ ನೋಡಿ. ಅದೇ ಜುಲೈಯಲ್ಲಿ ಅಲ್ಲಿನ ಖಾಸಗಿ ಕಾಲೇಜೊಂದರ ಇಬ್ಬರು ಉಪನ್ಯಾಸಕರನ್ನೂ ಅವರ ಗೆಳೆಯನನ್ನೂ ಅತ್ಯಾಚಾರದ ಆರೋಪದಲ್ಲಿ ಬೆಂಗಳೂರಿನ ಮಾರತಹಳ್ಳಿ ಪೊಲೀಸರು ಬಂಧಿಸಿದರು. ಆರೋಪ ನ್ಯಾಯಾಲಯದಲ್ಲಿ ಸಾಬೀತಾಗಬೇಕಷ್ಟೆ. ಆದರೆ ದೂರು ಹೊರಬಂದದ್ದು ವಿದ್ಯಾರ್ಥಿನಿ ಹೆತ್ತವರಲ್ಲಿ ಬಾಯಿ ಬಿಟ್ಟಾಗ. ಅವರು "ಮರ್ಯಾದೆ ಹೋಗುತ್ತದೆ" ಎಂದು ಬಾಯಿ ಮುಚ್ಚಿಸಲಿಲ್ಲ, ಮಹಿಳಾ ಆಯೋಗದ ಬಾಗಿಲು ತಟ್ಟಿದರು.

ಇನ್ನು ಕಾನೂನು. ಇದು ಹೆಚ್ಚಿನ ಹೆತ್ತವರಿಗೆ ಗೊತ್ತಿಲ್ಲ. ಕಾಲೇಜು, ವಿಶ್ವವಿದ್ಯಾನಿಲಯಗಳಿಗಾಗಿ ಯುಜಿಸಿ ರೂಪಿಸಿದ 2015ರ ನಿಯಮಾವಳಿಯು ದೂರುದಾರಳನ್ನು ಮಾತ್ರ ರಕ್ಷಿಸುವುದಲ್ಲ. ತನಗಾಗಿ ಇಲ್ಲವೇ ಇನ್ನೊಬ್ಬರಿಗಾಗಿ ಕಿರುಕುಳವನ್ನು ವಿರೋಧಿಸುವುದು, ತನಿಖೆಗೆ ಸಹಕರಿಸುವುದು, ಸಾಕ್ಷಿ ಹೇಳುವುದು ಇವನ್ನೆಲ್ಲ ಅದು ರಕ್ಷಣೆಯುಳ್ಳ ಕೆಲಸವೆಂದು ಹೆಸರಿಸಿದೆ. ಅಂದರೆ ನಿಮ್ಮ ಮಗಳು ಗೆಳತಿಯ ಜತೆ ನಿಂತರೆ ಅದು ಊರ ಉಸಾಬರಿಯಲ್ಲ! ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಆಂತರಿಕ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳೂ ಇರಬೇಕು. ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. 2013ರ ಕಾಯ್ದೆಯ 16ನೇ ಕಲಮಿನಂತೆ ದೂರುದಾರಳ, ಆರೋಪಿಯ, ಸಾಕ್ಷಿಗಳ ಗುರುತನ್ನು ಪತ್ರಿಕೆ, ಟಿವಿಗಳಿಗೆ ತಿಳಿಸುವಂತಿಲ್ಲ.

ಆದ್ದರಿಂದ ಆ ಸಂಜೆ ಮಗಳು ಕೇಳಿದಾಗ ಮೊದಲು ಚಹಾ ಕೊಟ್ಟು ಕೂರಿಸಿ. ನಿಮ್ಮ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿ. ಅವಳಿಗೆ ಗೊತ್ತಿಲ್ಲದಿದ್ದರೆ ನೀವೇ ಹೋಗಿ ವಿಚಾರಿಸಿ. ಗೆಳತಿ ನಡೆದದ್ದನ್ನು ದಿನಾಂಕ ಸಹಿತ ಬರೆದಿಡಲಿ, ಮೊಬೈಲಿನ ಸಂದೇಶಗಳನ್ನು ಅಳಿಸದಿರಲಿ. ದೂರಿಗೆ ಮೂರು ತಿಂಗಳ ಅವಧಿಯಿದೆ. ಕಾರಣ ಸರಿಯೆಂದು ಕಂಡರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.