ಗುಬ್ಬಿ ವೀರಣ್ಣನವರನ್ನು ಮರೆಯದಿರೋಣ

ಡಾ. ರಾಜಕುಮಾರರ ಹೆಸರು ಕೇಳದ ಕನ್ನಡ ಮನೆ ನಮ್ಮ ಕಾಸರಗೋಡಿನಲ್ಲಿ ಇರಲಾರದು. ಆದರೆ ಅವರನ್ನು ನಾಯಕನಟನಾಗಿ ಮೊದಲು ತೆರೆಗೆ ತಂದ ಸಂಸ್ಥೆ ಯಾರದೆಂದು ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ತಪ್ಪು ಮಕ್ಕಳದಲ್ಲ, ಹೇಳಬೇಕಾದ ನಾವು ಹೇಳಿರಲಿಲ್ಲ.

ಅದು ಗುಬ್ಬಿ ವೀರಣ್ಣನವರ ಸಂಸ್ಥೆ. 1891ರಲ್ಲಿ ಜನಿಸಿದ ವೀರಣ್ಣನವರು ಬಾಲನಟರಾಗಿ ಗುಬ್ಬಿಯ ಚೆನ್ನಬಸವೇಶ್ವರ ನಾಟಕ ಸಂಘವನ್ನು ಸೇರಿದರು. 1884ರಲ್ಲಿ ಹುಟ್ಟಿದ ಆ ಸಂಘದ ಆಡಳಿತ 1917ರಲ್ಲಿ ಅವರ ಕೈಗೆ ಬಂತು. ಹಾಸ್ಯದಲ್ಲಿ ಅವರದು ಎತ್ತಿದ ಕೈ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸಿ ಅವರು.

ಟಾಕಿ ಬಂದಾಗ ನಾಟಕ ಕಂಪೆನಿಗಳು ನಡುಗಿದುವು. ವೀರಣ್ಣನವರು ಮಾತ್ರ ಆ ಹೊಸ ವಿದ್ಯೆಯನ್ನು ದೂರ ತಳ್ಳಲಿಲ್ಲ. 1935ರ 'ಸದಾರಮೆ'ಯಲ್ಲಿ ನಟಿಸಿದರು. 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' (1945) ಚಿತ್ರಗಳನ್ನು ತೆಗೆದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ 'ಬೇಡರ ಕಣ್ಣಪ್ಪ' ಬಂತು. ಕಂಪೆನಿಯಲ್ಲಿ ಪಳಗಿದ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ಅದರಿಂದ ಬೆಳಕಿಗೆ ಬಂದರು. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದ್ರಾಸಿನಲ್ಲಿ. ನಮ್ಮ ಕಾಸರಗೋಡೂ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲೇ ಇತ್ತು. ಸ್ವಂತ ಮನೆಯಿಂದ ಹೊರಗಿದ್ದೂ ಕನ್ನಡ ಬೆಳೆಯಬಲ್ಲದೆಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ.

ಇನ್ನೊಂದು ಸಂಗತಿ ನಮಗೆ ತೀರ ಹತ್ತಿರದ್ದು. ಗಡಿಯಾಚೆ ಬಂಟ್ವಾಳ ತಾಲೂಕಿನ ಮಂಚಿಯ ಬಾಲಕನೊಬ್ಬ ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಹೋಗಿ ಗುಬ್ಬಿ ಕಂಪೆನಿಯನ್ನು ಸೇರಿದ. ವೀರಣ್ಣನವರು ಅವನನ್ನು ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ಅವರೇ ಬಿ.ವಿ. ಕಾರಂತರು. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು 1975ರಲ್ಲಿ ಚಿತ್ರವಾಗಿಸಿ ಸ್ವರ್ಣಕಮಲ ತಂದವರು.

ಒಳ್ಳೆಯ ಹುಡುಗನೊಬ್ಬ ಕಂಪೆನಿ ಬಿಟ್ಟರೆ ನಷ್ಟ ಮಾಲಿಕರಿಗೇ. ಅದನ್ನು ತಿಳಿದೂ ಓದಲು ಕಳುಹಿಸಿದುದು ಅವರ ದೊಡ್ಡತನ. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು.

ಕನ್ನಡ ಡಿವಿಷನ್ ಉಳಿದೀತೇ ಎಂದು ಪ್ರತಿ ಜೂನ್ ತಿಂಗಳಲ್ಲೂ ತಲೆ ಎಣಿಸುವವರು ನಾವು. ಎಣಿಸುವುದು ಅನಿವಾರ್ಯ. ಆದರೆ ಆ ಮಕ್ಕಳಲ್ಲಿ ಯಾರಿಗೆ ಯಾವ ಹುಚ್ಚಿದೆಯೆಂದು ಕೇಳುವುದಕ್ಕೂ ನಾವು ಸ್ವಲ್ಪ ಹೊತ್ತು ಮಾಡಿಕೊಳ್ಳಬೇಕು. ಈ ವರ್ಷ ಕೇಳಿ ನೋಡೋಣ.