ಉದರವೂ ಉನ್ಮಾದವೂ

ಬುದ್ಧಿ ಕೆಟ್ಟವನಂತೆ ಆಡುವವನನ್ನು ಕಂಡರೆ ‘ಪಿತ್ತ ನೆತ್ತಿಗೇರಿದೆ’ ಎಂದು ನಮ್ಮ ಜನರು ಹೇಳುವರು. ಅರಸೀಕೆರೆಯ ಸಂತೆಯಲ್ಲಿಯೂ ಬೇಲೂರು ಹಳೇಬೀಡುಗಳ ಬೀದಿಗಳಲ್ಲಿಯೂ ಕೇಳಿಬರುವ ಈ ಮಾತನ್ನು ಬಿಡಿಸಿ ನೋಡಿದರೆ, ರೋಗದ ಮೂಲವು ಹೊಟ್ಟೆ, ಅದು ಪ್ರಕಟವಾಗುವ ಸ್ಥಳವು ತಲೆ ಎಂಬ ಒಂದು ಸಿದ್ಧಾಂತವೇ ಅದರಲ್ಲಿ ಅಡಗಿರುವುದು ಗೋಚರವಾಗುತ್ತದೆ. ಚರಕಸಂಹಿತೆಯೂ ಉನ್ಮಾದದ ಕಾರಣಗಳಲ್ಲಿ ವಿರುದ್ಧವೂ ದುಷ್ಟವೂ ಅಶುಚಿಯೂ ಆದ ಆಹಾರವನ್ನು ಎಣಿಸಿ, ಕೆರಳಿದ ದೋಷಗಳು ಬುದ್ಧಿಯ ನೆಲೆಯಾದ ಹೃದಯವನ್ನು ಸೇರಿ ಮನೋವಹ ಸ್ರೋತಸ್ಸುಗಳನ್ನು ಆವರಿಸುವುವೆಂದು ವಿವರಿಸುವುದು.

ಪಾಶ್ಚಾತ್ಯ ವೈದ್ಯರು ಸ್ಕಿಜೋಫ್ರೀನಿಯಾ ಎಂದು ಕರೆಯುವ ವ್ಯಾಧಿಯ ಹೆಸರೂ ವಿಚಾರಯೋಗ್ಯವಾದುದೇ. 1908ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರನು ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ನಿರ್ಮಿಸಿದನು. ಪೂರ್ವಪದಕ್ಕೆ ಸೀಳುವುದೆಂದೂ, ‘ಫ್ರೇನ್’ ಎಂಬ ಉತ್ತರಪದಕ್ಕೆ ಮನಸ್ಸೆಂದೂ ಅರ್ಥ. ಆದರೆ ಆ ಫ್ರೇನ್ ಶಬ್ದಕ್ಕೆ ಪ್ರಾಚೀನ ಗ್ರೀಕಿನಲ್ಲಿ ಎದೆಗೂ ಹೊಟ್ಟೆಗೂ ನಡುವಣ ಪ್ರದೇಶವೆಂಬ ಅರ್ಥವೂ ಉಂಟು. (ನಮ್ಮ ಲೇಖಕರಲ್ಲಿ ಕೆಲವರು ಈ ರೋಗವನ್ನು ಎರಡು ವ್ಯಕ್ತಿತ್ವಗಳುಳ್ಳವನ ಸ್ಥಿತಿಯೆಂದು ಬಗೆಯುವುದು ಸರಿಯಲ್ಲ. ಇಲ್ಲದ ಧ್ವನಿಗಳನ್ನು ಕೇಳುವುದು, ನಿರಾಧಾರವಾದ ಶಂಕೆ, ತಾಳತಪ್ಪಿದ ಮಾತು, ನಂಟರಿಷ್ಟರಿಂದ ದೂರ ಸರಿಯುವಿಕೆ, ಇವೇ ಇದರ ಲಕ್ಷಣಗಳು.)

ನಾಲ್ಕು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದರು. ಅವರ ತಮ್ಮನಿಗೆ ಈ ವ್ಯಾಧಿ. ಕೈಯಲ್ಲಿ ಒಂದು ಪತ್ರಿಕೆಯ ತುಣುಕು. ಕರುಳಿನ ಸೂಕ್ಷ್ಮಜೀವಿಗಳಿಗೂ ಈ ರೋಗಕ್ಕೂ ಸಂಬಂಧವುಂಟೆಂದು ಅದರಲ್ಲಿ ಬರೆದಿತ್ತು. “ಗುರುಗಳೇ, ಚರಕರು ಹೇಳಿದ್ದೇ ನಿಜವಾಯಿತಲ್ಲವೇ?” ಎಂದರು. ಶಾಸ್ತ್ರಾಭಿಮಾನದಿಂದ ನಾನು “ಅಹುದು” ಎಂದುಬಿಟ್ಟೆನು. ಆ ಒಂದು ಮಾತನ್ನು ಆಧಾರವಾಗಿಟ್ಟುಕೊಂಡು ಮನೆಯವರು ಮಾತ್ರೆಗಳನ್ನು ನಿಲ್ಲಿಸಿ ಮಜ್ಜಿಗೆ, ಅಂಬಲಿ, ಪಥ್ಯಗಳಿಗೆ ತೊಡಗಿದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಹುಡುಗನಿಗೆ ಆ ಧ್ವನಿಗಳು ಮರಳಿ ಕೇಳಲಾರಂಭಿಸಿದುವು. ಈ ಲೇಖನಕ್ಕೆ ಅದೇ ಪ್ರೇರಣೆ.

ಹಾಗಾದರೆ ಸಿದ್ಧವಾಗಿರುವುದೆಷ್ಟು? ಮನುಷ್ಯದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿರುವುವೆಂದು 2016ರಲ್ಲಿ ಮಾಡಿದ ಗಣನೆ. ಇವುಗಳಲ್ಲಿ ಬಹುಭಾಗವು ದೊಡ್ಡ ಕರುಳಿನಲ್ಲಿದೆ. ಉದರದಿಂದ ಮೆದುಳಿಗೆ ವೇಗಸ್ ಎಂಬ ನರವಿದೆ. ಅದರ ತಂತುಗಳಲ್ಲಿ ಹೆಚ್ಚಿನವು ವಾರ್ತೆಯನ್ನು ಮೇಲಕ್ಕೆ ಒಯ್ಯುವಂಥವು. ರಕ್ತದ ಮೂಲಕವೂ, ದೇಹದ ರಕ್ಷಣಾವ್ಯವಸ್ಥೆಯ ಮೂಲಕವೂ ಬೇರೆ ಮಾರ್ಗಗಳುಂಟು. 2019ರಲ್ಲಿ ಚೀನಾದ ಸಂಶೋಧಕರು ರೋಗಿಗಳ ಮಲದಲ್ಲಿದ್ದ ಸೂಕ್ಷ್ಮಜೀವಿಗಳನ್ನು, ಅಂಥ ಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸೇರಿಸಿದಾಗ, ಅವು ಅತಿಯಾಗಿ ಓಡಾಡತೊಡಗಿ ಶಬ್ದಕ್ಕೆ ವಿಪರೀತವಾಗಿ ಬೆಚ್ಚಿದುವು. ಮೆದುಳಿನ ರಾಸಾಯನಿಕಗಳ ಪ್ರಮಾಣವೂ ವ್ಯತ್ಯಾಸಗೊಂಡಿತು. ಇದು ಕಡೆಗಣಿಸತಕ್ಕ ಫಲವಲ್ಲ. ಆದರೂ ಇಲಿಯು ಬೆಚ್ಚುವುದು ಬೇರೆ, ಮನುಷ್ಯನಿಗೆ ಯಾರೋ ಹೆಸರು ಹಿಡಿದು ಕರೆದಂತೆ ಕೇಳಿಸುವುದು ಬೇರೆ.

ಇನ್ನು ಚಿಕಿತ್ಸೆಯ ಮಾತು. 2014ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 65 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಎಂದಿನ ಔಷಧದೊಂದಿಗೆ ಒಂದು ಗುಂಪಿಗೆ 14 ವಾರ ಹಿತಕರ ಬ್ಯಾಕ್ಟೀರಿಯಾಗಳನ್ನೂ ಮತ್ತೊಂದಕ್ಕೆ ನಿಸ್ಸಾರವಾದ ಗುಳಿಗೆಯನ್ನೂ ಕೊಟ್ಟರು. ಮಲಬದ್ಧತೆ ಮೊದಲಾದ ತೊಂದರೆಗಳು ತಗ್ಗಿದುವು. ಮನೋಲಕ್ಷಣಗಳಲ್ಲಿ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ಮತ್ತೊಂದು ತೊಡಕುಂಟು. ಮನೋರೋಗದ ಔಷಧಗಳು ತಾವೇ ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ಬೆಳೆವಣಿಗೆಯನ್ನು ತಡೆಯುವುವೆಂದು 2018ರಲ್ಲಿ ಪ್ರಯೋಗಗಳಿಂದ ತಿಳಿದುಬಂದಿತು. ರೋಗಿಯ ಆಹಾರವೂ ಧೂಮಪಾನವೂ ಇತರರಿಂದ ಭಿನ್ನವಾಗಿರಬಹುದು. ಹೀಗಿರಲು, ಕಂಡ ಭೇದವು ರೋಗದ ಕಾರಣವೋ ಅದರ ಕಾರ್ಯವೋ ಎಂಬ ಪ್ರಶ್ನೆ ಉಳಿದೇ ಇದೆ. ತರ್ಕಶಾಸ್ತ್ರವನ್ನು ಓದಿದವರಿಗೆ, ಸಾಹಚರ್ಯಮಾತ್ರದಿಂದ ಕಾರಣತ್ವವು ಸಿದ್ಧಿಸದೆಂದು ಹೇಳಬೇಕಾಗಿಲ್ಲ. ನಾನೇ ಅಂದು ಅದನ್ನು ಮರೆತಿದ್ದೆನು.

ಅವಸರದ ನಂಬುಗೆಯು ಎಂಥ ಅನರ್ಥವನ್ನು ತರುವುದೆಂಬುದಕ್ಕೆ ಒಂದು ಘೋರ ನಿದರ್ಶನವಿದೆ. ಅಮೆರಿಕೆಯ ನ್ಯೂಜರ್ಸಿಯ ಟ್ರೆಂಟನ್ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯನು, ದೇಹದಲ್ಲಿ ಅಡಗಿದ ಸೋಂಕಿನಿಂದಲೇ ಹುಚ್ಚೆಂದು ನಂಬಿ, 1910ರ ದಶಕದಿಂದ ರೋಗಿಗಳ ಹಲ್ಲುಗಳನ್ನು ಕೀಳಿಸಿದನು, ಅನಂತರ ದೊಡ್ಡ ಕರುಳನ್ನೇ ಕೊಯ್ದು ತೆಗೆಯಿಸಿದನು. ಅನೇಕರು ಪ್ರಾಣ ಬಿಟ್ಟರು.

ಚರಕನ ವಚನಕ್ಕೆ ಇದರಿಂದ ಲಾಘವವೇನೂ ಇಲ್ಲ. ಆದರೆ ಅವನು ಹೇಳಿದ ದೋಷವು ಬ್ಯಾಕ್ಟೀರಿಯವಲ್ಲ, ಮನೋವಹ ಸ್ರೋತಸ್ಸು ವೇಗಸ್ ನರವಲ್ಲ. ಅವನ ಪಟ್ಟಿಯಲ್ಲಿ ಆಹಾರದೊಡನೆ ದೇವಗುರುಗಳ ತಿರಸ್ಕಾರವೂ, ಭಯಹರ್ಷಗಳ ಆಘಾತವೂ ಇರುವುವು. ನಮಗೆ ಬೇಕಾದುದೊಂದನ್ನೇ ಆರಿಸಿಕೊಂಡು ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾರುವುದು ಗ್ರಂಥಕ್ಕೆ ಸಲ್ಲಿಸುವ ಗೌರವವಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 1.4 ಮಂದಿ ಜೀವಿತದಲ್ಲಿ ಎಂದಾದರೊಮ್ಮೆ ಈ ವರ್ಗದ ವ್ಯಾಧಿಗೆ ಗುರಿಯಾದವರು. ನನ್ನ ಶಿಷ್ಯರ ತಮ್ಮನು ಅವರಲ್ಲೊಬ್ಬನು. ಅವನನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ದಾಗ ನಾನೂ ಜೊತೆಯಲ್ಲಿ ಹೋಗಿದ್ದೆನು. ಮಜ್ಜಿಗೆಯನ್ನು ಬಿಡಿಸಬೇಕೇ ಎಂದು ತಾಯಿ ಅಂಜುತ್ತ ಕೇಳಿದರು. ವೈದ್ಯರು ನಕ್ಕು, ಮಜ್ಜಿಗೆಯನ್ನು ಧಾರಾಳವಾಗಿ ಕೊಡಿರಿ, ಮಾತ್ರೆಯನ್ನು ಮಾತ್ರ ತಪ್ಪಿಸಬೇಡಿರಿ ಎಂದರು. ಈಗ ಅವನು ಹಳೇಬೀಡಿನ ಹಾದಿಯಲ್ಲಿರುವ ತಮ್ಮ ತೋಟಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗುತ್ತಾನೆ.