ಗುಟ್ಟು ಬಯಲಾದರೂ ಬೆರಗು ಕರಗದ ಮಹಲು

ಎಂಟು ಮೂಲೆಯ ಕೋಣೆ. ಬಾಗಿಲು ಮುಚ್ಚಿಕೊಂಡಿತು. ಗೋಡೆಯ ಮೇಲೆ ಕೊಡೆ ಹಿಡಿದು ನಿಂತ ಮುದ್ದು ಹುಡುಗಿಯ ಚಿತ್ರ. ನೋಡನೋಡುತ್ತಿದ್ದಂತೆ ಗೋಡೆ ಬೆಳೆಯುತ್ತದೆ, ಚಿತ್ರವೂ ಉದ್ದವಾಗುತ್ತದೆ! ಅಯ್ಯೋ, ಹುಡುಗಿ ನಿಂತಿರುವುದು ಹಗ್ಗದ ಮೇಲೆ; ಕೆಳಗೆ ಬಾಯಿ ತೆರೆದು ಕಾದಿದೆ ಮೊಸಳೆ!

ಇದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ‘ಹಾಂಟೆಡ್ ಮ್ಯಾನ್ಶನ್’. ತೆರೆದದ್ದು 1969ರಲ್ಲಿ. ಥೀಮ್ ಪಾರ್ಕುಗಳ ಸರ್ವಕಾಲಿಕ ಶ್ರೇಷ್ಠ ರೈಡ್ ಯಾವುದೆಂದು ಕೇಳಿದರೆ ನಾನು ಕಣ್ಣುಮುಚ್ಚಿ ಇದರ ಹೆಸರನ್ನೇ ಹೇಳುತ್ತೇನೆ. ಎತ್ತರ, ವೇಗಗಳ ದಾಖಲೆ ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಒಳಗಿನ ಕೈಚಳಕ ತಿಳಿದ ಮೇಲೆ ಬೆರಗು ಇಮ್ಮಡಿಯಾಗಬೇಕು, ಅದೇ ನನ್ನ ಅಳತೆಗೋಲು.

ಇಲ್ಲಿನ ಕೈಚಳಕ ಕೇಳಿ. ಆ ಕೋಣೆ ನಿಜಕ್ಕೂ ಒಂದು ಲಿಫ್ಟ್! ಪಾರ್ಕಿನ ಸುತ್ತ ಮಣ್ಣಿನ ದಿಬ್ಬ, ಅದರ ಮೇಲೆ ರೈಲು ಹಳಿ. ಒಳಗೆ ಜಾಗ ಸಾಲದೆ ರೈಡಿನ ದೊಡ್ಡ ಕಟ್ಟಡವನ್ನು ದಿಬ್ಬದಾಚೆ ಕಟ್ಟಿದರು. ಜನರನ್ನು ಹಳಿಯ ಕೆಳಗೆ ದಾಟಿಸಬೇಕಲ್ಲ? ಗೋಡೆ ಬೆಳೆಯಿತೆಂದು ಎಲ್ಲರೂ ಕತ್ತೆತ್ತಿ ನೋಡುವಾಗ ಕಾಲಡಿಯ ನೆಲವೇ ಇಳಿದಿರುತ್ತದೆ. ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲಿರುವ ಇಂಥದೇ ಮಹಲಿನಲ್ಲಿ ಕೆಳಗಿಳಿಯುವ ಅಗತ್ಯವಿಲ್ಲ. ಅಲ್ಲಿ ಚಾವಣಿಯೇ ಮೇಲೇರುತ್ತದೆ!

ಆಮೇಲೆ ನಾಟ್ಯಶಾಲೆ. ಗಾಳಿಯಷ್ಟು ತೆಳುವಾದ ದೆವ್ವಗಳು ಜೋಡಿಜೋಡಿಯಾಗಿ ಗಿರಗಿರನೆ ಸುತ್ತುತ್ತವೆ, ಅವುಗಳ ಮೈಯ ಆಚೆಗಿನ ಗೋಡೆಯೂ ಕಾಣುತ್ತದೆ. ಕಂಪ್ಯೂಟರ್ ಇಲ್ಲ, ಪರದೆ ಇಲ್ಲ. ನಮಗೂ ನಾಟ್ಯಶಾಲೆಗೂ ನಡುವೆ ಭಾರೀ ಗಾಜು. ನಮ್ಮ ಗಾಡಿ ಸಾಗುವ ದಾರಿಯ ಮೇಲೂ ಕೆಳಗೂ ಕತ್ತಲಲ್ಲಿ ನಿಜವಾದ ಗೊಂಬೆಗಳು ತಿರುಗುತ್ತಿರುತ್ತವೆ. ಬೆಳಕು ಬಿದ್ದಾಗ ಗಾಜಿನಲ್ಲಿ ಅವುಗಳ ಪ್ರತಿಬಿಂಬ ಮೂಡುತ್ತದೆ, ಬೆಳಕು ಆರಿದರೆ ದೆವ್ವ ಮಾಯ. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ವೇದಿಕೆಗೆ ತಂದ ಕಣ್ಕಟ್ಟು ಇದು! ಪ್ರತಿಬಿಂಬದಲ್ಲಿ ಎಡ ಬಲವಾಗುವುದರಿಂದ ಇಲ್ಲಿ ಗಂಡಸರ ಬದಲು ಹೆಂಗಸರೇ ಜೊತೆಗಾರರನ್ನು ಕುಣಿಸುವ ಹಾಗೆ ಕಾಣುತ್ತದೆ. ಗಮನಿಸಿ ನೋಡಿ, ಎಂಥ ಚೆಂದ!

ಎರಡನೆಯ ಸ್ಥಾನ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನ ರೋಲರ್ ಕೋಸ್ಟರ್ ‘ನೆಮೆಸಿಸ್’ಗೆ. ಮರಗಳ ತಲೆ ಮೀರಿ ಏನನ್ನೂ ಕಟ್ಟುವಂತಿಲ್ಲ ಎಂಬ ಕಟ್ಟಳೆ ಅಲ್ಲಿತ್ತು. ಬೇರೆಯವರಾದರೆ ಕೈಚೆಲ್ಲುತ್ತಿದ್ದರು. ವಿನ್ಯಾಸಕ ಜಾನ್ ವಾರ್ಡ್ಲಿ ಅವರ ತಂಡ ಬಂಡೆ ಸಿಡಿಸಿ ನೆಲವನ್ನೇ ಬಗೆಯಿತು! 1994ರಿಂದ ಜನ ಹಳಿಯ ಕೆಳಗೆ ಕಾಲು ಜೋತುಬಿಟ್ಟುಕೊಂಡು ಆ ಕಲ್ಲುಕಂದಕದೊಳಕ್ಕೆ ನುಗ್ಗುತ್ತಿದ್ದಾರೆ.

ಅದೇ 1994ರಲ್ಲಿ ಫ್ಲೋರಿಡಾದಲ್ಲಿ ಬಂದ ‘ಟವರ್ ಆಫ್ ಟೆರರ್’ ಮೂರನೆಯದು. ಹಾಳುಬಿದ್ದ ಹೋಟೆಲಿನ ಲಿಫ್ಟ್ ಕಳಚಿ ಬೀಳುತ್ತದೆ ಎಂದುಕೊಳ್ಳುತ್ತೇವೆ. ಬೀಳುವುದಲ್ಲ, ಮೋಟಾರುಗಳು ಅದನ್ನು ಕೆಳಕ್ಕೆ ಎಳೆಯುತ್ತವೆ, ಗುರುತ್ವಾಕರ್ಷಣೆಗಿಂತ ಜೋರಾಗಿ! ಅದಕ್ಕೇ ಮೈ ಸೀಟಿನಿಂದ ಮೇಲೇಳುವುದು. ಕಟ್ಟಡದ ಎತ್ತರ 199 ಅಡಿ. ಇನ್ನೂ ಸ್ವಲ್ಪ ಏರಿದ್ದರೆ ವಿಮಾನಗಳಿಗಾಗಿ ನೆತ್ತಿಯ ಮೇಲೆ ಮಿನುಗುವ ಕೆಂಪು ದೀಪ ಇಡಬೇಕಾಗುತ್ತಿತ್ತು. ರೈಡಿನ ಕತೆಯಲ್ಲಿ ಬರುವ 1939ರ ಹೋಟೆಲಿಗೆ ಅದು ಒಪ್ಪುತ್ತಿತ್ತೇ?